ಬಾಗಿಲಿನಾಚೆಯ ಪ್ರಾರ್ಥನೆ

ಭಾನುವಾರ ಚರ್ಚಿಗೆ ಹೊರಡುವ ಮುಂಚೆ ಕನ್ನಡಿಯ ಮುಂದೆ ನಿಂತು ಸರದ ಕೊಂಡಿ ಹಾಕಿಕೊಳ್ಳುತ್ತಿದ್ದೆ. ಕತ್ತಿನಲ್ಲಿ ಬೆರಳಿಗೆ ಏನೋ ತಾಕಿತು. ಕಡಲೆಕಾಳಿನಷ್ಟು ಗಂಟು. ನೋವಿರಲಿಲ್ಲ.

ಬಯಾಪ್ಸಿ ರಿಪೋರ್ಟ್ ನೋಡಿ ಡಾಕ್ಟರ್ ಹೇಳಿದರು, “ಥೈರಾಯ್ಡ್ ಕ್ಯಾನ್ಸರ್. ಗುಣವಾಗುತ್ತೆ, ಹೆದರಬೇಡಿ.”

ನನಗೆ ಕೇಳಿಸಿದ್ದು ಮೊದಲ ಎರಡು ಪದ ಮಾತ್ರ.

ದೇಶದ ರಾಜಧಾನಿಯಲ್ಲಿ, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ನಾವು ಮೂವರು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದ ನನ್ನ ಗಂಡ ಪ್ರಭಾಕರ, ಆರು ವರ್ಷದ ಮಗಳು ಅನು, ನಾನು. ಸಂಜೆಯ ಮನೆ ಪ್ರಾರ್ಥನೆಯನ್ನು ಯಾವಾಗಲೂ ನಾನೇ ಮಾಡುತ್ತಿದ್ದೆ. ಪ್ರಭಾಕರ ಕಣ್ಣು ಮುಚ್ಚಿ ಕೂತು, ಕೊನೆಗೆ ‘ಆಮೆನ್’ ಅನ್ನುತ್ತಿದ್ದರು. ಅಷ್ಟೇ.

ಆಪರೇಷನ್ ಆಯಿತು. ಗಂಟಿನ ಜೊತೆಗೆ ಸ್ವರವೂ ಹೋಯಿತು.

ನರಕ್ಕೆ ಸ್ವಲ್ಪ ಪೆಟ್ಟಾಗಿದೆ, ಸ್ವರ ಮರಳಿ ಬರಬಹುದು, ಕಾಯಬೇಕು ಎಂದರು. ಬಾಯಿ ತೆರೆದರೆ ಗಾಳಿ ಮಾತ್ರ. ಕೆಳಗೆ ಹೋಗುವ ತರಕಾರಿ ಗಾಡಿಯವನನ್ನು ‘ಭಯ್ಯಾ’ ಎಂದು ಕೂಗಲಾರೆ. ಒಂದು ಮಧ್ಯಾಹ್ನ ಉಡುಪಿಯಿಂದ ಅಮ್ಮನ ಫೋನ್ ಬಂತು. ಸ್ವರ ಹೋದದ್ದನ್ನು ಅವರಿಗಿನ್ನೂ ತಿಳಿಸಿರಲಿಲ್ಲ. ಮನೆಯಲ್ಲಿ ನಾನೊಬ್ಬಳೇ. ಎತ್ತಿದೆ.

“ವಿಮಲಾ? ಹಲೋ? ಈ ಲೈನೇ ಸರಿಯಿಲ್ಲ ಮಾರಾಯ್ತಿ,” ಎಂದು ಇಟ್ಟುಬಿಟ್ಟರು. ರಿಸೀವರನ್ನು ತುಂಬ ಹೊತ್ತು ಕಿವಿಯಲ್ಲೇ ಹಿಡಿದಿದ್ದೆ.

ಮನಸ್ಸಿನಲ್ಲಿ ಪ್ರಾರ್ಥಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ಪ್ರಯತ್ನಿಸಿದೆ. ಆಗಲಿಲ್ಲ. ನನ್ನ ದೇವರು ನನ್ನ ಸ್ವರದಲ್ಲೇ ವಾಸವಾಗಿದ್ದನೇನೋ, ಅದರ ಜೊತೆಗೇ ಹೊರಟುಹೋದನೇನೋ ಅನ್ನಿಸಿ ಭಯವಾಯಿತು.

ಆಮೇಲೆ, ಉಳಿದಿರಬಹುದಾದ ಕ್ಯಾನ್ಸರ್ ಕಣಗಳನ್ನು ಕೊಲ್ಲಲು ರೇಡಿಯೋ ಅಯೋಡಿನ್. ಔಷಧಿ ಕೊಟ್ಟು ಆಸ್ಪತ್ರೆಯ ಐಸೋಲೇಷನ್ ರೂಮಿನಲ್ಲಿ ಒಬ್ಬಳನ್ನೇ ಇರಿಸಿದರು. ನನ್ನ ಮೈಯಿಂದಲೇ ರೇಡಿಯೇಷನ್ ಹೊಮ್ಮುತ್ತದಂತೆ. ಊಟ ಬಾಗಿಲಲ್ಲಿಟ್ಟು ಹೋಗುತ್ತಿದ್ದರು. ಮನೆಗೆ ಕಳಿಸುವಾಗ ಡಾಕ್ಟರ್ ಹೇಳಿದರು, “ಇನ್ನೂ ಕೆಲವು ದಿನ ಮಗುವಿನಿಂದ ದೂರ ಇರಿ.”

ಮನೆಗೆ ಬಂದೆ. ಅನು ಓಡಿ ಬಂದಳು. ಪ್ರಭಾಕರ ಅವಳನ್ನು ಎತ್ತಿ ಹಿಂದಕ್ಕೆ ಸರಿದರು.

ಅವಳ ಮುಖ ನೋಡದೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಸಂಜೆ ಹೊರಗೆ ಕುರ್ಚಿ ಎಳೆದ ಸದ್ದಾಯಿತು. “ಪಪ್ಪಾ, ಪ್ರೇಯರ್ ಕೌನ್ ಕರೇಗಾ?” ಪ್ರಾರ್ಥನೆ ಯಾರು ಮಾಡುವುದೆಂದು ಅನು ತನ್ನ ಹಿಂದಿಯಲ್ಲಿ ಕೇಳಿದಳು. ನಂತರ ಪ್ರಭಾಕರ ಗಂಟಲು ಸರಿಮಾಡಿಕೊಂಡರು.

“ಕರ್ತನೇ... ಹೇಗೆ ಮಾತಾಡಬೇಕೋ ನನಗೆ ಗೊತ್ತಿಲ್ಲ. ವಿಮಲಾ ಒಳಗಿದ್ದಾಳೆ. ನಾವು ಹೊರಗಿದ್ದೇವೆ. ನೀನು ಎರಡೂ ಕಡೆ ಇರು.”

“ಔರ್ ಅಮ್ಮನ ಗಂಟಲು ಜಲ್ದಿ ಠೀಕ್ ಮಾಡು, ಪ್ಲೀಸ್,” ಅನು ಸೇರಿಸಿದಳು.

ಮುಗಿಯಿತು. ಆದರೆ ಪ್ರಭಾಕರ ‘ಆಮೆನ್’ ಅನ್ನಲಿಲ್ಲ. ನನಗಾಗಿ ಕಾಯುತ್ತಿದ್ದಾರೆಂದು ಅರ್ಥವಾಯಿತು. ಎದ್ದು ಹೋಗಿ ಒಳಗಿನಿಂದ ಬಾಗಿಲನ್ನು ಒಮ್ಮೆ ತಟ್ಟಿದೆ.

“ಅಮ್ಮ ಆಮೆನ್ ಬೋಲಿ!” ಎಂದು ಅನು ಚಪ್ಪಾಳೆ ಹೊಡೆದಳು. ಬಾಗಿಲಿಗೆ ಹಣೆ ಆನಿಸಿ ಅತ್ತೆ. ಅಳುವಿಗೂ ಸದ್ದಿರಲಿಲ್ಲ.

ಈಗ ಸ್ವರ ಅರ್ಧ ಮರಳಿದೆ, ಒಡಕಾಗಿ. ಹಾಡಲಾರೆ. ಮುಂದಿನ ಸ್ಕ್ಯಾನ್ ಏನು ಹೇಳುತ್ತದೋ ತಿಳಿಯದು. ಮಾತಾಡಲು ಬಂದರೂ ಸಂಜೆಯ ಪ್ರಾರ್ಥನೆಯನ್ನು ನಾನು ವಾಪಸ್ ಕೇಳಲಿಲ್ಲ. ಪ್ರಭಾಕರ ಇನ್ನೂ ತಡವರಿಸುತ್ತಾರೆ, ಮಧ್ಯದಲ್ಲಿ ಮರೆಯುತ್ತಾರೆ. ಅನು ನನ್ನ ಮಡಿಲಲ್ಲಿ ಕೂತು, ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿರುತ್ತಾಳೆ.