ಬತ್ತೀವಿ ಎಂದ ಮಂಗಳವಾರ

ಸಂಚಾರಿ ಕ್ಲಿನಿಕ್ಕಿನ ವ್ಯಾನಿನಲ್ಲಿ ನಾನು ನಾಲ್ಕು ವರ್ಷ ನರ್ಸ್ ಆಗಿದ್ದೆ. ಹೊರದೇಶದ ನೆರವಿನಿಂದ ನಡೆಯುತ್ತಿದ್ದ ಯೋಜನೆ. ಪ್ರತಿ ಮಂಗಳವಾರ ಚಾಮರಾಜನಗರದಿಂದ ಹೊರಟು ಉಡಿಗಾಲದ ಸುತ್ತಲಿನ ಊರುಗಳಲ್ಲಿ ಬಿಪಿ, ಶುಗರ್ ನೋಡಿ ಒಂದು ವಾರದ ಮಾತ್ರೆ ಕೊಡುತ್ತಿದ್ದೆವು.

ಅಲ್ಲಿಗೆ ತಪ್ಪದೆ ಬರುತ್ತಿದ್ದ ಒಬ್ಬಾಕೆಗೆ ನಲವತ್ತರ ಆಸುಪಾಸು. ಗುಂಡ್ಲುಪೇಟೆಯ ಮಂಡಿಯಲ್ಲಿ ಈರುಳ್ಳಿ ಆರಿಸುವ ಕೆಲಸ. ಮೊದಲ ಸಲ ಅವಳ ಬಿಪಿ ನೋಡಿದಾಗ ಯಂತ್ರವೇ ಕೆಟ್ಟಿದೆಯೆಂದುಕೊಂಡು ಮೂರು ಸಲ ಪಟ್ಟಿ ಸುತ್ತಿದ್ದೆ. ಕೆಲವೇ ತಿಂಗಳಲ್ಲಿ ಹತೋಟಿಗೆ ಬಂತು.

"ತಲೆಸುತ್ತು ನಿಂತೋಯ್ತು ಕಣ್ ಸಿಸ್ಟ್ರಮ್ಮ. ಒಸ ತಲೆ ಇಕ್ಕೊಟ್ಟಂಗದೆ" ಎಂದು ನಗುತ್ತಿದ್ದಳು.

ಒಂದು ಸೋಮವಾರ ಸಂಜೆ ಮೇಲಧಿಕಾರಿ ನಮ್ಮನ್ನು ಕರೆದು, ನೆರವು ನಿಂತುಹೋಯಿತು, ನಾಳೆಯೇ ಕೊನೆ ಎಂದರು. ಬೇರೆ ಕಡೆ ಕೇಳುತ್ತಿದ್ದೇವೆ, ಜನಕ್ಕೆ ಈಗಲೇ ಹೇಳಬೇಡಿ ಎಂದೂ ಸೇರಿಸಿದರು. ಮರುದಿನ ಉಳಿದಿದ್ದನ್ನೆಲ್ಲ ಹಂಚುತ್ತಾ ಅವಳಿಗೆ ಎರಡು ವಾರದ ಮಾತ್ರೆ ಕೊಟ್ಟೆ. ಅವಳು ಕೈಯಲ್ಲಿದ್ದುದನ್ನು ನೋಡಿದಳು.

"ಯಾಕ್ ಸಿಸ್ಟ್ರಮ್ಮ ಇಷ್ಟೊಂದು? ಮುಂದಿನ್ ವಾರ ಬರಕ್ಕಿಲ್ವಾ?"

"ಬತ್ತೀವಿ ಕಣಕ್ಕ. ಇರ್ಲಿ ಅಂತ ಕೊಟ್ಟೆ."

ಇದೇ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲೂ ಸಿಗುತ್ತದೆ ಎಂದು ಒಂದು ಚೀಟಿ ಬರೆದುಕೊಟ್ಟಿದ್ದರೂ ಸಾಕಿತ್ತು. ಬರೆದರೆ ಅವಳು ಮತ್ತೆ ಕೇಳುತ್ತಾಳೆ, ಆಗ ಮುಖ ಕೊಟ್ಟು ಉತ್ತರ ಹೇಳಬೇಕಾಗುತ್ತದೆ. ಅದಕ್ಕೆ ಹೆದರಿದೆ.

ಆಮೇಲೆ ನನಗೆ ಗುಂಡ್ಲುಪೇಟೆಯ ಒಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತು. ವ್ಯಾನ್ ನಿಂತು ಮೂರು ತಿಂಗಳಾಗಿತ್ತೇನೋ. ಒಂದು ಮಧ್ಯಾಹ್ನ ಮಂಡಿಯಿಂದ ಒಬ್ಬಳನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬಂದರು. ಬಾಯಿ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಸೀರೆಗೆಲ್ಲ ಈರುಳ್ಳಿ ಸಿಪ್ಪೆ. ಅವಳೇ. ನಾನೇ ಬಿಪಿ ಪಟ್ಟಿ ಸುತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಗಂಟಲಿನಿಂದ ಏನೋ ಹೊರಡುತ್ತಿತ್ತು, ಮಾತಾಗಲಿಲ್ಲ.

ಹಿಂದೆಯೇ ಓಡಿಬಂದ ಗಂಡ ನನ್ನ ಗುರುತು ಹಿಡಿದ. ಕೋಪವೇನೂ ಇರಲಿಲ್ಲ.

"ನೀವ್ ಬತ್ತೀರಿ ಅಂತ ವಾರವಾರ ರಸ್ತೇಲಿ ಕಾಯ್ತಿದ್ಲು ಕಣವ್ವ. ಸರ್ಕಾರಿ ಆಸ್ಪತ್ರೆಗೆ ಓಗನ ಬಾ ಅಂದ್ರೆ, ನಮ್ ಸಿಸ್ಟ್ರಮ್ಮ ಸುಳ್ಳೇಳಕ್ಕಿಲ್ಲ ಅಂದ್ಬುಟ್ಲು. ಮಾತ್ರೆ ಮುರ್ದು ಅರ್ಧರ್ಧ ನುಂಗವ್ಳೆ. ಅದೂ ಮುಗ್ದೋಗಿ ಎಲ್ಡ್ ತಿಂಗ್ಳಾಯ್ತು. ವ್ಯಾನ್ ಕೆಟ್ಟೋಗಿತ್ತಾ?"

"ಹೂಂ" ಅಂದುಬಿಟ್ಟೆ. ಸುಳ್ಳು ಎರಡನೆಯ ಸಲವೂ ಅಷ್ಟೇ ಸಲೀಸಾಗಿ ಬಂತು.

ಅವಳನ್ನು ಮೈಸೂರಿಗೆ ಕಳಿಸಿದರು. ಜೀವ ಉಳಿಯಿತು, ಕೈ ಮತ್ತು ಮಾತು ಹೋದವು. ಈಗ ನಾನು ಭಾನುವಾರಗಳಂದು ಅವಳ ಮನೆಗೆ ಹೋಗಿ ಕೈಗೆ ವ್ಯಾಯಾಮ ಮಾಡಿಸುತ್ತೇನೆ. ಬೆರಳು ಒಂದೊಂದಾಗಿ ಬಿಡಿಸುತ್ತೇನೆ, ಅವು ಮತ್ತೆ ಮಡಚಿಕೊಳ್ಳುತ್ತವೆ. ದೇವರಂಥವರು ಎಂದು ಅವಳ ಗಂಡ ನೆರೆಯವರಿಗೆಲ್ಲ ಹೇಳಿದ್ದಾನೆ. ಅವನು ಹಾಗೆನ್ನುವಾಗಲೆಲ್ಲ ಅವಳು ನನ್ನ ಮುಖ ನೋಡುತ್ತಾಳೆ. ಅವಳಿಗೆ ಎಲ್ಲ ತಿಳಿದಿದೆಯೋ, ಏನೂ ತಿಳಿದಿಲ್ಲವೋ, ಆ ಕಣ್ಣುಗಳಲ್ಲಿ ನನಗೆ ಇನ್ನೂ ಓದಲಾಗಿಲ್ಲ.