ಅಕ್ಕನ ಫೋನಿನ ಎರಡನೇ ಬಟನ್

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಗುಮಾಸ್ತ. ಕಚೇರಿಯಲ್ಲಿ ನನ್ನನ್ನು ಬುದ್ಧಿವಂತ ಎಂದವರು ಯಾರೂ ಇಲ್ಲ. ಮನೆಯಲ್ಲಿ ಸೋಲ್ಡರಿಂಗ್ ಐರನ್ ಕಾಯಿಸಿ, ಹಳೆಯ ರೇಡಿಯೊಗಳ ಹೊಟ್ಟೆ ಬಗೆದು ಕೂತಾಗ ಮಾತ್ರ ನನಗೆ ನಾನೇ ದೊಡ್ಡ ಇಂಜಿನಿಯರ್. ಸೂಪರ್ ಮಾರ್ಕೆಟ್ ಪೇಟೆಯ ಸಂದಿಯಲ್ಲಿ ಬಿಡಿಭಾಗ ಮಾರುವ ಚಾಚಾ ನನ್ನನ್ನು ಕಂಡರೆ ಹಳೆಯ ಬೋರ್ಡುಗಳ ಡಬ್ಬವನ್ನೇ ಮುಂದೆ ಸರಿಸುತ್ತಿದ್ದರು. "ನಿಮಗೇನ್ ಬೇಕೋ ಆರಿಸ್ಕೋರಿ ಸಾಹೇಬ್ರ" ಎನ್ನುತ್ತಿದ್ದರು. ಆ ಒಂದು ಮಾತಿಗೆ ನಾನು ವಾರವಿಡೀ ಉಬ್ಬಿರುತ್ತಿದ್ದೆ.

ಅಕ್ಕನನ್ನು ಕೊಟ್ಟದ್ದು ಕಮಲಾಪುರಕ್ಕೆ. ಅವಳ ಗಂಡ, ಅಂದರೆ ನಮ್ಮ ಮಾವ, ಕೆಂಪು ಬಾಳೆ ಬೆಳೆಯುತ್ತಾರೆ. ತೋಟ ಮನೆಯಿಂದ ದೂರ. ಮಧ್ಯಾಹ್ನ ರೊಟ್ಟಿ ಆದ ಕೂಡಲೇ ಅಕ್ಕ ಅವರಿಗೆ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದಳು. ಮಾವ ಫೋನ್ ಎತ್ತುತ್ತಿರಲಿಲ್ಲ, ಕೈಕಾಲು ತೊಳೆದು ಮನೆಯ ಹಾದಿ ಹಿಡಿಯುತ್ತಿದ್ದರು. ಅಕ್ಕನಿಗೆ ಓದಲು ಬರುವುದಿಲ್ಲ. ಎರಡನೇ ಬಟನ್ ಒತ್ತಿ ಹಿಡಿದರೆ ಮಾವನಿಗೆ ಕರೆ ಹೋಗುವಂತೆ ಅವಳ ಫೋನಿನಲ್ಲಿ ನಾನೇ ಮಾಡಿಕೊಟ್ಟಿದ್ದೆ.

ಕರೆಂಟ್ ಬಂದಾಗಲೆಲ್ಲ ಮೋಟರ್ ಹಾಕಲು ತೋಟಕ್ಕೆ ಓಡುವುದು ಮಾವನಿಗೆ ಸಾಕಾಗಿತ್ತು. ಅದಕ್ಕೆ ಒಂದು ಭಾನುವಾರ ನಾನು ಒಂದು ಡಬ್ಬಿ ಮಾಡಿಕೊಂಡು ಹೋದೆ. ಒಳಗೊಂದು ಫೋನ್ ಇಡಬೇಕು. ಅದಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಚಾಲೂ, ಇನ್ನೊಮ್ಮೆ ಕೊಟ್ಟರೆ ಬಂದ್. ಅಂಗಡಿಯಲ್ಲಿ ಸಿಗುವ ಇಂಥ ಡಬ್ಬಿ ಮನೆಯವರ ನಂಬರಿಗೆ ಮಾತ್ರ ಓಗೊಡುತ್ತದೆ. ನನ್ನದು ಯಾರು ಕರೆದರೂ ಓಗೊಡುತ್ತಿತ್ತು. ನಂಬರ್ ನೋಡುವ ಭಾಗವನ್ನು ಮುಂದಿನ ವಾರ ಸೇರಿಸಿದರಾಯಿತು ಎಂದುಕೊಂಡಿದ್ದೆ. ತೋರಿಸಿ ಶಭಾಷ್ ಅನ್ನಿಸಿಕೊಳ್ಳುವ ಅವಸರ ನನಗೆ.

ಡಬ್ಬಿಯಲ್ಲಿ ಇಡಲು ಮಾವನ ಹಳೆಯ ಫೋನನ್ನೇ ಸಿಮ್ ಸಮೇತ ತೆಗೆದುಕೊಂಡೆ. ಅವರಿಗೆ ಹೊಸ ನಂಬರಿನ ಟಚ್ ಫೋನ್ ಕೊಟ್ಟೆ.

"ಮಾವ, ಅಕ್ಕನ ಫೋನಿನಾಗ ನಿಮ್ಮ ನಂಬರ್ ಬದಲ್ ಮಾಡ್ಬೇಕ್ರಿ."

"ಮಾಡೂಣಂತ ತಗೋ. ಮೊದಲ ಮೋಟರ್ ಚಾಲೂ ಮಾಡಿ ತೋರ್ಸು."

ತೋರಿಸಿದೆ. ನೀರು ಬಂತು. ಮಾವ ಬೆನ್ನು ತಟ್ಟಿದರು. ಆ ಖುಷಿಯಲ್ಲಿ ನಂಬರಿನ ವಿಷಯ ಇಬ್ಬರಿಗೂ ಮರೆತುಹೋಯಿತು. ನಾನು ಸಂಜೆಯ ಬಸ್ಸಿಗೆ ಕಲಬುರಗಿಗೆ ಬಂದೆ.

ಮರುದಿನ ಮಧ್ಯಾಹ್ನ ಮಾವ ಮೋಟರ್ ಬಂದ್ ಮಾಡಿ ಪಂಪಿನ ಬೆಲ್ಟ್ ಸರಿಪಡಿಸುತ್ತಿದ್ದರು. ಮೇನ್ ಸ್ವಿಚ್ ತೆಗೆದಿರಲಿಲ್ಲ. ಅದೇ ಹೊತ್ತಿಗೆ ಅಕ್ಕ ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ, ಎರಡನೇ ಬಟನ್ ಒತ್ತಿದಳು. ಮೋಟರ್ ತಿರುಗಿತು. ಮಾವನ ಬಲಗೈಯ ನಾಲ್ಕು ಬೆರಳು ಹೋದವು.

ಡಬ್ಬಿಯ ಫೋನಿನಲ್ಲಿ ಅಕ್ಕನ ನಂಬರ್ ಇದ್ದದ್ದನ್ನು ಎಲ್ಲರೂ ನೋಡಿದರು. ಅದರೊಳಗಿನ ಸಿಮ್ ಮಾವನ ಹಳೆಯದೆಂದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವಳು ನನ್ನ ತೋಳು ಹಿಡಿದು, "ತಮ್ಮಾ, ಅವರಿಗೆ ಹಚ್ಚೂದ್ ಬಿಟ್ಟು ಮೋಟರಿಗೆ ಹಚ್ಚೀನೋ. ಯಾವ ಬಟನ್ ಒತ್ತಿದೆನೋ ಏನೋ" ಎಂದಳು. ಅವಳ ಅತ್ತೆ ಅಲ್ಲೇ ನಿಂತಿದ್ದರು. "ಓದ್ಲಿಕ್ಕ ಬರದಾಕಿ ಕೈಯಾಗ ಫೋನ್ ಯಾಕ ಬೇಕಿತ್ತು?" ಎಂದರು. ಮಂಚದ ಮೇಲಿದ್ದ ಮಾವ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಗೋಡೆಯ ಕಡೆ ಹೊರಳಿದರು. ಅವರು ಬಾಯಿ ಬಿಡಲಿಲ್ಲವಲ್ಲ ಎಂದು ನನಗೆ ಜೀವ ಬಂದಂತಾಯಿತು. ಇಷ್ಟು ನೀಚತನ ನನ್ನೊಳಗೆ ಇತ್ತೆಂದು ನನಗೇ ಗೊತ್ತಿರಲಿಲ್ಲ.

ಹೀಗೆ ಎರಡು ವರ್ಷ ಕಳೆಯಿತು. ಇವತ್ತು ಹೇಳುತ್ತೇನೆ ಎಂದು ಕಮಲಾಪುರಕ್ಕೆ ಎಷ್ಟೋ ಸಲ ಹೋಗಿದ್ದೇನೆ. ಚಹಾ ಕುಡಿದು, ಬಾಳೆಹಣ್ಣು ಕಟ್ಟಿಸಿಕೊಂಡು ವಾಪಸ್ ಬಂದಿದ್ದೇನೆ. ವಾಚಾಳಿಯಾಗಿದ್ದ ಅಕ್ಕ ಮಾತು ಕಡಿಮೆ ಮಾಡಿದ್ದಳು. ಅತ್ತೆ ಏನೆಂದರೂ ತಲೆ ತಗ್ಗಿಸುತ್ತಿದ್ದಳು. ಪ್ರತಿ ಸೋಮವಾರ ಉಪವಾಸವಿದ್ದು, ಬಸ್ಸಿನಲ್ಲಿ ಬಂದು, ಶರಣಬಸವೇಶ್ವರ ಗುಡಿಯಲ್ಲಿ ತಪ್ಪುಕಾಣಿಕೆ ಹಾಕಿ ಹೋಗುತ್ತಿದ್ದಳು. ಆ ಕಾಣಿಕೆ ಹಾಕಬೇಕಾದವನು ಅದೇ ಊರಲ್ಲಿ ಹೊಟ್ಟೆ ತುಂಬ ಉಂಡು ಕಚೇರಿಗೆ ಹೋಗುತ್ತಿದ್ದ.

ಕಳೆದ ತಿಂಗಳು ಒಂದು ಸೋಮವಾರ ನಾನೂ ಗುಡಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಅಕ್ಕ, "ಈ ಪಾಪ ಈ ಜನ್ಮದಾಗ ತೀರ್ತದೇನೋ ತಮ್ಮಾ?" ಎಂದಳು. ಆಗ ಹೇಳಿಬಿಟ್ಟೆ. ಸಿಮ್ಮಿನದು, ಡಬ್ಬಿಯದು, ನನ್ನ ಅವಸರದ್ದು, ಒಂದನ್ನೂ ಬಿಡಲಿಲ್ಲ. ಅವಳಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು.

"ಹಂಗಂದ್ರ ನಾ ದಿನಾ ಒತ್ತೂ ಬಟನ್ನೇ ಒತ್ತೀನಿ?"

"ಹೌದು ಅಕ್ಕಾ. ನಿಂದೇನೂ ತಪ್ಪಿಲ್ಲ."

ಬಯ್ಯುತ್ತಾಳೆ, ಹೊಡೆದರೂ ಹೊಡೆಯಲಿ ಎಂದು ಕಾದೆ. ಅವಳು ಗುಡಿಯ ಬಾಗಿಲನ್ನೇ ನೋಡುತ್ತಿದ್ದಳು.

"ಇದು ಅವರಿಗೂ ಗೊತ್ತಿತ್ತೇನು?"

ಅವಳಿಗೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಗೊತ್ತಿತ್ತು" ಎಂದೆ.

ಅಕ್ಕ ಹೇಳಿದಳು: "ಎಡಗೈಲೆ ಉಣ್ಣಬಾರದಂತ ಎರಡು ವರ್ಷ ದಿನಾ ನಾನೇ ಉಣಿಸೀನಿ. ಒಂದೊಂದ್ ತುತ್ತಿಗೂ ತಪ್ಪಾಯ್ತ್ರಿ ಅಂದೀನಿ. ಅವರು ಬಾಯಿ ತಗದು ಉಂಡಾರ."