ಓಕ್ ಬಯಲು ಎಂಬ ಸವತಿ

ವಸಂತ ಬಂತೆಂದರೆ ಓಕ್ ಬಯಲಿಗೆ, ಅಂದರೆ ಓಕ್ ಮರಗಳು ಅಲ್ಲಲ್ಲಿ ನಿಂತ ಹುಲ್ಲುಗಾವಲಿಗೆ, ಬೆಂಕಿ ಇಡುವ ಗಂಡಸರು ಅಮೆರಿಕದ ನಮ್ಮ ವಿಸ್ಕಾನ್ಸಿನ್ ತುಂಬ ಇದ್ದಾರೆ. ನನ್ನ ಪಾಲಿಗೆ ಬಂದವನು ಹಾಲ್ವರ್. ಒಲೆಯ ಮೇಲಿನ ಸೂಪು ತಳ ಹಿಡಿದರೂ ಅವನ ಮೂಗಿಗೆ ತಿಳಿಯದು, ಬಯಲಿನ ಹುಲ್ಲು ಒಣಗಿದ್ದು ಮಾತ್ರ ತಿಳಿಯುತ್ತದೆ. "ಸುಡದಿದ್ರೆ ಪೊದೆ ಬೆಳೆದು ಬಿಸಿಲು ಮುಚ್ಚುತ್ತೆ ಕಣೇ, ಲೂಪಿನ್ ಹೂಗಿಡ ಉಸಿರುಕಟ್ಟಿ ಸಾಯುತ್ತೆ" ಅನ್ನುತ್ತಾನೆ. ಅಡುಗೆಮನೆಯಲ್ಲಿ ಯಾರ ಉಸಿರು ಕಟ್ಟಿತೆಂದು ಕೇಳಿದವನಲ್ಲ. ಎಳೆಯ ಓಕ್ ಸುಟ್ಟುಹೋದೀತೆಂದು ಮಂಡಿಯೂರಿ ಅದರ ಬುಡದ ತರಗೆಲೆ ಬಾಚುತ್ತಾನೆ. ನನ್ನ ಮುಂದೆ ಮಂಡಿಯೂರಿದ್ದು ಒಂದೇ ಸಲ, ಅದೂ ಮದುವೆಗೆ ಮುಂಚೆ. ಆ ಸವತಿಯ ಹೊಗೆ ಹೊತ್ತು ತಂದ ಬಟ್ಟೆ ಒಗೆಯುವವಳು ನಾನು. ಹವಾಮಾನ ವರದಿ ನಂಬದೆ, ಬೆಂಕಿ ಇಡುವ ಮುನ್ನ ಅವನು ಗಾಳಿಯ ದಿಕ್ಕು ನೋಡುವುದೂ ನಾನು ಹಗ್ಗಕ್ಕೆ ಹರವಿದ ಬೆಡ್‌ಶೀಟುಗಳಲ್ಲೇ. ಅದಕ್ಕೇ ಈ ಸಲ ಬಟ್ಟೆ ಒಣಗಿಸುವ ಯಂತ್ರ ತರಿಸಿದೆ. ಮೊನ್ನೆ ಬೆಂಕಿ ಇಡುವ ಅವನ ತಂಡ ಬಯಲಲ್ಲಿ ಕಾಯುತ್ತಿದ್ದರೆ, ಅವನು ಖಾಲಿ ಹಗ್ಗದ ಕೆಳಗೆ ದಿಕ್ಕೆಟ್ಟು ನಿಂತಿದ್ದ. "ಲೊವಿಸಾ, ಗಾಳಿ ಯಾವ ಕಡೆಗಿದೆಯೇ?" "ನಿನ್ನ ಓಕ್ ಮರಾನೇ ಕೇಳು." "ಅದಕ್ಕೇನು ಗೊತ್ತು? ಇಷ್ಟು ವರ್ಷ ಹೇಳ್ತಿದ್ದವಳು ನೀನಲ್ವಾ!" ನನ್ನ ಎದೆ ಒಂದಿಷ್ಟು ಕರಗಿತು. ಒದ್ದೆ ಬಟ್ಟೆಯ ಬುಟ್ಟಿಯನ್ನು ಅವನ ಕೈಗಿಟ್ಟು, "ಹಾಗಾದ್ರೆ ಇವತ್ತು ನೀನೇ ಹರವು" ಅಂದೆ. ಅವನು ಒಂದು ಬೆಡ್‌ಶೀಟು ಹರವಿದ. ಅದು ಗಾಳಿಗೆ ಬಯಲಿನ ಕಡೆಗೆ ಹಾರಾಡಿತು, ದಿಕ್ಕು ಸಿಕ್ಕಿದ್ದೇ ಅವನೂ ಅತ್ತಲೇ ಓಡಿದ. ಉಳಿದ ಒದ್ದೆ ಬಟ್ಟೆಯ ಬುಟ್ಟಿ ನನ್ನ ಕಾಲ ಬಳಿ ಇತ್ತು.